ಮನೆಯವರೇ ಆರಿಸಿದ ಓದು: ಫೀಡ್ ರೀಡರ್ ಕುರಿತು ಪೋಷಕರಿಗೆ ಕಿವಿಮಾತು

ಮಾರಿಕಣಿವೆ ಕೋಡಿ ಬಿದ್ದ ವಿಡಿಯೊ ಒಂದು ಫೋನಿಗೆ ಬರುತ್ತದೆ. ನೀರು ಭೋರ್ಗರೆಯುತ್ತಿದೆ, ಜನ ಸಾಲಾಗಿ ನಿಂತು ನೋಡುತ್ತಿದ್ದಾರೆ, ಕೆಳಗೆ ‘ಈಗಷ್ಟೇ’ ಎಂಬ ಒಂದೇ ಮಾತು. ಯಾವ ವರ್ಷದ್ದು ಇದು? 1907ರಲ್ಲಿ ಕಟ್ಟಿ ಮುಗಿದ ಈ ಅಣೆಕಟ್ಟು, ಅಂದರೆ ಹಿರಿಯೂರು ಬಳಿಯ ವಾಣಿವಿಲಾಸ ಸಾಗರ, 1933ರಲ್ಲಿ ಒಮ್ಮೆ ತುಂಬಿ ಹರಿಯಿತು. ಆಮೇಲೆ ಎಂಬತ್ತೊಂಬತ್ತು ವರ್ಷ ಕಾದ ಹಿರಿಯೂರಿನವರು 2022ರ ಸೆಪ್ಟೆಂಬರಿನಲ್ಲಿ ಮತ್ತೆ ಕೋಡಿ ನೋಡಿದರು. 2025ರ ಜನವರಿಯಲ್ಲಿ ಇನ್ನೊಮ್ಮೆ ನೋಡಿದರು. ಫೋನಿಗೆ ಬಂದ ತುಣುಕಿನಲ್ಲಿ ದಿನಾಂಕವಿಲ್ಲ, ತೆಗೆದವರ ಹೆಸರಿಲ್ಲ. ಒಂಬತ್ತನೇ ತರಗತಿಯ ಹುಡುಗ ಅದನ್ನು ನಂಬಿ ಹತ್ತು ಜನರಿಗೆ ಕಳಿಸುತ್ತಾನೆ. ಅವನ ತಪ್ಪೇನೂ ಇಲ್ಲ. ನೋಡಿದ್ದನ್ನು ಪರೀಕ್ಷಿಸಲು ಬೇಕಾದ ಎರಡು ಸಂಗತಿಗಳು, ಯಾವಾಗ ಮತ್ತು ಯಾರಿಂದ, ಅವನ ಕೈಗೆ ಬರಲೇ ಇಲ್ಲ.

ಶಾಲೆಗೆ ಮಳೆ ರಜೆ ಎಂಬ ಸುತ್ತೋಲೆ, ಪರೀಕ್ಷೆ ಮುಂದಕ್ಕೆ ಹೋಯಿತೆಂಬ ಸುದ್ದಿ, ವಿದ್ಯಾರ್ಥಿವೇತನಕ್ಕೆ ಇವತ್ತೇ ಕೊನೆಯ ದಿನ ಎಂಬ ಎಚ್ಚರಿಕೆ ಎಲ್ಲವೂ ಹೀಗೇ ಬರುತ್ತವೆ. ಚಿತ್ರದುರ್ಗ, ಹೊಸದುರ್ಗ, ಹೊಳಲ್ಕೆರೆ ಕಡೆಯ ತಂದೆತಾಯಂದಿರು ಹೆಚ್ಚಾಗಿ ಕೇಳುವ ಪ್ರಶ್ನೆ, ‘ಮಗುವಿನ ಕೈಗೆ ಫೋನ್ ಎಷ್ಟು ಹೊತ್ತು ಕೊಡಬೇಕು?’ ಎಂಬುದು. ಅದು ಸರಿಯಾದ ಪ್ರಶ್ನೆಯೇ. ಆದರೆ ಅದಕ್ಕಿಂತ ಮೊದಲು ಕೇಳಬೇಕಾದದ್ದು ಇನ್ನೊಂದಿದೆ: ಆ ಹೊತ್ತಿನಲ್ಲಿ ಪರದೆಯ ಮೇಲೆ ಏನು ಬರಬೇಕೆಂದು ಯಾರು ಆರಿಸುತ್ತಿದ್ದಾರೆ? ಯೂಟ್ಯೂಬ್ ತೆರೆದರೆ ಯೂಟ್ಯೂಬ್ ಆರಿಸುತ್ತದೆ. ಇನ್‌ಸ್ಟಾಗ್ರಾಮ್ ತೆರೆದರೆ ಅದು ಆರಿಸುತ್ತದೆ. ವಾಟ್ಸಾಪಿನಲ್ಲಿ ಯಾರೋ ಕಳಿಸಿದ್ದು, ಅವರಿಗೆ ಇನ್ಯಾರೋ ಕಳಿಸಿದ್ದು. ಮನೆಯವರು ಆರಿಸಿದ್ದು ಬಹುಮಟ್ಟಿಗೆ ಏನೂ ಇಲ್ಲ. ಈ ಆಯ್ಕೆಯನ್ನು ಮನೆಗೆ ಮರಳಿಸುವ ಸರಳ ಸಾಧನವೊಂದು ಇಪ್ಪತ್ತೈದು ವರ್ಷಗಳಿಂದ ಇದೆ, ಹಣವೂ ಬೇಡ. ಅದರ ಹೆಸರು ಫೀಡ್ ರೀಡರ್.

ಮನೆಗೆ ಪೇಪರ್ ಹಾಕಿಸುವುದು ನಿಮಗೆ ಗೊತ್ತು. ಯಾವ ಪತ್ರಿಕೆ ಬೇಕೆಂದು ನೀವು ಹೇಳುತ್ತೀರಿ, ಬೆಳಿಗ್ಗೆ ಅದಷ್ಟೇ ಬಾಗಿಲಿಗೆ ಬರುತ್ತದೆ, ಬೇಡವೆಂದರೆ ಮುಂದಿನ ತಿಂಗಳಿಂದ ನಿಲ್ಲುತ್ತದೆ. ಫೀಡ್ ರೀಡರ್ ಮಾಡುವುದು ಇಷ್ಟೇ. ಹಲವು ಜಾಲತಾಣಗಳು ತಮ್ಮ ಪುಟಗಳ ಜೊತೆಗೆ ಫೀಡ್ ಎಂಬ ಒಂದು ಸಣ್ಣ ಕಡತವನ್ನೂ ಇಟ್ಟಿರುತ್ತವೆ. ಆ ಕಡತದಲ್ಲಿ ಹೊಸದಾಗಿ ಪ್ರಕಟವಾದ ಬರಹಗಳ ಶೀರ್ಷಿಕೆ, ದಿನಾಂಕ, ಕೊಂಡಿ, ಕೆಲವೊಮ್ಮೆ ಸಾರಾಂಶ, ಕೆಲವೊಮ್ಮೆ ಇಡೀ ಬರಹ ಇರುತ್ತದೆ. ಬಣ್ಣ, ಜಾಹೀರಾತು, ಪಕ್ಕದಲ್ಲಿ ಮಿನುಗುವ ಚಿತ್ರ ಸಾಮಾನ್ಯವಾಗಿ ಇರುವುದಿಲ್ಲ. ನೀವು ಒಮ್ಮೆ ತಾಣದ ವಿಳಾಸವನ್ನು ರೀಡರಿಗೆ ಕೊಟ್ಟರೆ ಅದು ಆಗಾಗ ಹೋಗಿ ಆ ಕಡತ ನೋಡಿ ಬರುತ್ತದೆ, ಹೊಸದಿದ್ದರೆ ನಿಮ್ಮ ಪಟ್ಟಿಗೆ ಸೇರಿಸುತ್ತದೆ. ಹತ್ತು ತಾಣಗಳನ್ನು ಸೇರಿಸಿದರೆ ಹತ್ತರ ಹೊಸ ಬರಹಗಳೂ ಒಂದೇ ಪಟ್ಟಿಯಲ್ಲಿ, ಬಂದ ಹೊತ್ತಿನ ಕ್ರಮದಲ್ಲಿ, ಯಾವ ತಾಣದ್ದೆಂಬ ಹೆಸರಿನೊಂದಿಗೆ ಕಾಣುತ್ತವೆ. ಜನ ಹೆಚ್ಚು ನೋಡಿದ್ದನ್ನು ಮೇಲೆ ತರುವ ಲೆಕ್ಕಾಚಾರ ಇಲ್ಲಿಲ್ಲ.

ಈ ಪಟ್ಟಿಗೆ ಕೊನೆಯಿದೆ ಎಂಬುದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಇವತ್ತು ಏಳು ಬರಹ ಬಂದಿದ್ದರೆ ಏಳು ಓದಿದ ಮೇಲೆ ಪಟ್ಟಿ ಖಾಲಿ. ರೀಲ್ಸ್ ಎಂದೂ ಮುಗಿಯುವುದಿಲ್ಲ. ಅದನ್ನು ಹಾಗೆಂದೇ ಮಾಡಿದ್ದಾರೆ. ‘ಇನ್ನು ಸಾಕು, ಎದ್ದೇಳು’ ಎಂದು ಪ್ರತಿ ಸಂಜೆ ಮಗುವಿನೊಂದಿಗೆ ಜಗಳವಾಡುವ ಮನೆಗಳಲ್ಲಿ ತಾನಾಗಿಯೇ ಮುಗಿಯುವ ಓದು ಎಷ್ಟು ನೆಮ್ಮದಿ ಎಂಬುದನ್ನು ಮಾಡಿಯೇ ನೋಡಬೇಕು. ಓದಿ ಮುಗಿಸಿದೆ ಎಂಬ ತೃಪ್ತಿ ಮಗುವಿಗೂ ಬೇಕು.

ಈ ತಂತ್ರದ ಹುಟ್ಟಿನ ಕಥೆಯಲ್ಲಿ ಮಕ್ಕಳಿಗೆ ಹೇಳಲೇಬೇಕಾದ ಒಂದು ಭಾಗವಿದೆ. 1999ರ ಮಾರ್ಚಿನಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಆರ್‌ಎಸ್‌ಎಸ್ ಎಂಬ ಹೆಸರಿನಲ್ಲಿ ಇದರ ಮೊದಲ ರೂಪ ಬಂತು. ಅದನ್ನು ರೂಪಿಸಿದವರಲ್ಲಿ ಒಬ್ಬರು ಮದ್ರಾಸ್ ಐಐಟಿಯಲ್ಲಿ ಓದಿದ ರಾಮನಾಥನ್ ಗುಹಾ. 2000ದ ಡಿಸೆಂಬರಿನಲ್ಲಿ ಅದರ ಮುಂದಿನ ಆವೃತ್ತಿಯನ್ನು ಹಲವರು ಸೇರಿ ಸಿದ್ಧಪಡಿಸಿದರು. ಅವರ ಪೈಕಿ ಅಮೆರಿಕದ ಹುಡುಗ ಆರನ್ ಸ್ವಾರ್ಟ್ಸ್‌ಗೆ ಆಗ 14 ವರ್ಷ. ನಮ್ಮಲ್ಲಾದರೆ ಒಂಬತ್ತನೇ ತರಗತಿ. ದೊಡ್ಡವರೊಂದಿಗೆ ಸರಿಸಮನಾಗಿ ಕೂತು, ಜಗತ್ತೆಲ್ಲ ಬಳಸುವ ಒಂದು ಕ್ರಮವನ್ನು ಬರೆದ ಹುಡುಗ ಅವನು. ಕಂಪ್ಯೂಟರೆಂದರೆ ಬೆಂಗಳೂರಿನವರ ಮಾತು ಎಂದು ಹಿಂಜರಿಯುವ ಪೋಷಕರು ನಮ್ಮ ಚಿತ್ರದುರ್ಗ ಜಿಲ್ಲೆಯದೇ ನಿದರ್ಶನ ನೆನೆಯಬಹುದು. ಪಾಣಿನಿಯ ವ್ಯಾಕರಣವನ್ನು ‘ಗಣಕಾಷ್ಟಾಧ್ಯಾಯಿ’ ಎಂಬ ತಂತ್ರಾಂಶವಾಗಿಸಿದವರು ಸಿರಿಗೆರೆ ತರಳಬಾಳು ಮಠದ ಡಾ. ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿ.

2005ರಲ್ಲಿ ಗೂಗಲ್ ತನ್ನದೇ ಒಂದು ರೀಡರ್ ತಂದಿತು. ಜನ ಅದಕ್ಕೆ ಒಗ್ಗಿಕೊಂಡರು. 2013ರ ಜುಲೈ 1ರಂದು ಗೂಗಲ್ ಅದನ್ನು ಮುಚ್ಚಿತು. ಫೀಡುಗಳ ಕಾಲ ಮುಗಿಯಿತೆಂದು ಆಗ ಹಲವರು ತಿಳಿದರು. ಮುಗಿದದ್ದು ಒಂದು ಕಂಪನಿಯ ಅಂಗಡಿ ಮಾತ್ರ. ಫೀಡ್ ಯಾರೊಬ್ಬರ ಸ್ವತ್ತೂ ಅಲ್ಲದ್ದರಿಂದ ಇವತ್ತಿಗೂ ಲಕ್ಷಾಂತರ ತಾಣಗಳು ಅದನ್ನು ಕೊಡುತ್ತಿವೆ. ನೀವು ಪಾಡ್‌ಕಾಸ್ಟ್ ಕೇಳುವವರಾದರೆ ಗೊತ್ತಿಲ್ಲದೆಯೇ ಫೀಡ್ ಬಳಸುತ್ತಿದ್ದೀರಿ. ಹೆಚ್ಚಿನ ಪಾಡ್‌ಕಾಸ್ಟ್‌ಗಳಲ್ಲಿ ಹೊಸ ಕಂತು ಬಂದದ್ದು ನಿಮ್ಮ ಆ್ಯಪ್‌ಗೆ ತಿಳಿಯುವುದು ಆರ್‌ಎಸ್‌ಎಸ್ ಕಡತದಿಂದಲೇ.

ಇನ್ನು ಕೆಲಸಕ್ಕೆ ಬರೋಣ. ಆಂಡ್ರಾಯ್ಡ್ ಫೋನಿನಲ್ಲಿ ‘ಫೀಡರ್’ ಎಂಬ ಉಚಿತ ಆ್ಯಪ್ ಇದೆ. ಅದಕ್ಕೆ ಖಾತೆ ತೆರೆಯಬೇಕಿಲ್ಲ, ಫೋನ್ ನಂಬರ್ ಕೊಡಬೇಕಿಲ್ಲ. ಐಫೋನ್ ಇದ್ದವರಿಗೆ ‘ನೆಟ್‌ನ್ಯೂಸ್‌ವೈರ್’, ಅದೂ ಉಚಿತ. ಕಂಪ್ಯೂಟರಿನಲ್ಲಿ ಇಮೇಲಿಗೆಂದು ಬಳಸುವ ಥಂಡರ್‌ಬರ್ಡ್ ಫೀಡುಗಳನ್ನೂ ಓದುತ್ತದೆ, ಶಾಲೆಯ ಉಬುಂಟು ಕಂಪ್ಯೂಟರಿನಲ್ಲೂ ನಡೆಯುತ್ತದೆ. ಫೋನು, ಕಂಪ್ಯೂಟರು ಎರಡರಲ್ಲೂ ಒಂದೇ ಪಟ್ಟಿ ಬೇಕೆಂದರೆ ಫೀಡ್ಲಿ, ಇನೊರೀಡರ್ ಮುಂತಾದ ಸೇವೆಗಳಿವೆ. ಅವುಗಳಿಗೆ ಖಾತೆ ಬೇಕು, ಅದು ತಂದೆ ಅಥವಾ ತಾಯಿಯ ಹೆಸರಿನಲ್ಲಿರಲಿ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು, ಅವರ ಚಲನವಲನದ ಜಾಡು ಹಿಡಿದು ಜಾಹೀರಾತು ತೋರಿಸಕೂಡದು ಎನ್ನುತ್ತದೆ ಆ ಕಾಯ್ದೆ. ಕಾನೂನು ಜಾರಿಯಾಗುವುದನ್ನು ಕಾಯುವುದಕ್ಕಿಂತ ಮಗುವಿನ ಮಾಹಿತಿಯನ್ನು ಕೊಡದೇ ಇರುವುದು ಸುಲಭ. ಖಾತೆಯೇ ಬೇಡದ ರೀಡರಿನಲ್ಲಿ ಅದು ಸಾಧ್ಯ.

ತಾಣಗಳನ್ನು ಸೇರಿಸುವುದು ಹೇಗೆ? ಬಹಳಷ್ಟು ಸಲ ತಾಣದ ವಿಳಾಸವನ್ನು ನಕಲಿಸಿ ರೀಡರಿನಲ್ಲಿ ‘ಸೇರಿಸು’ ಎಂಬಲ್ಲಿ ಅಂಟಿಸಿದರೆ ಸಾಕು, ಫೀಡ್ ಎಲ್ಲಿದೆಯೆಂದು ಅದೇ ಹುಡುಕಿಕೊಳ್ಳುತ್ತದೆ. ಕೆಲವು ತಾಣಗಳಲ್ಲಿ ಕಿತ್ತಳೆ ಬಣ್ಣದ ಚೌಕದೊಳಗೆ ಒಂದು ಚುಕ್ಕಿ, ಎರಡು ಬಿಳಿ ಕಮಾನುಗಳಿರುವ ಗುರುತು ಕಾಣುತ್ತದೆ. ಅದೇ ಫೀಡಿನ ಗುರುತು. ವರ್ಡ್‌ಪ್ರೆಸ್ ಮತ್ತು ಬ್ಲಾಗರ್‌ನಲ್ಲಿ ಕಟ್ಟಿದ ತಾಣಗಳಿಗೆ ಫೀಡ್ ತಾನಾಗಿಯೇ ಇರುತ್ತದೆ. ಕನ್ನಡದ ಎಷ್ಟೋ ಸಾಹಿತ್ಯ, ವಿಜ್ಞಾನದ ತಾಣಗಳು ಇವೆರಡರ ಮೇಲೇ ನಿಂತಿವೆ. 2013ರಿಂದ ಕನ್ನಡದಲ್ಲಿ ವಿಜ್ಞಾನ, ಇತಿಹಾಸ, ಅಡುಗೆ ಎಲ್ಲವನ್ನೂ ಬರೆಸುತ್ತಿರುವ ‘ಹೊನಲು’ ಅಂಥದ್ದೊಂದು. ಯೂಟ್ಯೂಬ್ ಚಾನೆಲ್‌ಗಳಿಗೂ ಫೀಡ್ ಇದೆ ಎಂಬುದು ಹಲವರಿಗೆ ತಿಳಿದಿಲ್ಲ. ಮಗಳಿಗೆ ಗಣಿತ ಹೇಳಿಕೊಡುವ ಒಂದು ಚಾನೆಲ್ ಇಷ್ಟವೆಂದರೆ ಅದರ ವಿಳಾಸವನ್ನು ರೀಡರಿಗೆ ಹಾಕಿ. ಹೊಸ ಪಾಠ ಬಂದಾಗ ಅದೊಂದೇ ಕಾಣುತ್ತದೆ. ಒತ್ತಿದಾಗ ಯೂಟ್ಯೂಬೇ ತೆರೆದುಕೊಂಡರೆ ಅಲ್ಲಿ ಮುಂದಿನ ವಿಡಿಯೊಗಳ ಸಾಲು ಕಾಯುತ್ತಿರುತ್ತದೆ, ಅದು ನೆನಪಿರಲಿ. ನೋಡಬೇಕಾದದ್ದು ಇದೊಂದೇ ಎಂದು ತೀರ್ಮಾನಿಸಿಕೊಂಡು ಒಳಗೆ ಹೋದವರು ಅಷ್ಟು ಸುಲಭವಾಗಿ ದಾರಿ ತಪ್ಪುವುದಿಲ್ಲ.

ದೊಡ್ಡವರ ದಿನಚರಿಗೂ ಇದು ಒದಗುತ್ತದೆ. ಹೊಳಲ್ಕೆರೆಯ ಅಡಿಕೆ ತೋಟದವರಿಗೆ, ಹೊಸದುರ್ಗದ ತೆಂಗು, ದಾಳಿಂಬೆ ಬೆಳೆಯುವವರಿಗೆ ತಮ್ಮ ಬೆಳೆಯ ಸುದ್ದಿಯಷ್ಟೇ ಬೇಕು. ಗೂಗಲ್ ಅಲರ್ಟ್ಸ್ ಎಂಬ ಸೌಲಭ್ಯದಲ್ಲಿ ‘ಅಡಿಕೆ ಎಲೆಚುಕ್ಕಿ ರೋಗ’ ಅಥವಾ ‘ಭದ್ರಾ ಮೇಲ್ದಂಡೆ’ ಎಂದು ಕನ್ನಡದಲ್ಲೇ ಬರೆದು, ಇಮೇಲ್ ಬದಲು ಆರ್‌ಎಸ್‌ಎಸ್ ಫೀಡ್ ಬೇಕೆಂದು ಆರಿಸಬಹುದು. ಆ ಮಾತುಗಳಿರುವ ಹೊಸ ಪುಟಗಳು ಗೂಗಲ್ ಕಣ್ಣಿಗೆ ಬಿದ್ದಾಗ ನಿಮ್ಮ ಪಟ್ಟಿಗೆ ಬರುತ್ತವೆ. ಇಲ್ಲಿ ಆರಿಸುವುದು ಪದವನ್ನು ಮಾತ್ರ. ಬರೆದವರು ಯಾರೆಂದು ನೀವೇ ನೋಡಿಕೊಳ್ಳಬೇಕು. ಔಷಧ ಮಾರುವವರ ಲೇಖನವೂ ಬರುತ್ತದೆ, ಕೃಷಿ ವಿಜ್ಞಾನಿಗಳದ್ದೂ ಬರುತ್ತದೆ. ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರವೇ ಇರುವಾಗ, ಓದಿದ್ದನ್ನು ಅಲ್ಲಿಗೆ ಹೋಗಿ ಕೇಳಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಹಳ್ಳಿಯಲ್ಲಿರುವವರಿಗೆ ಇನ್ನೊಂದು ಅನುಕೂಲ. ಫೀಡ್ ಬಹುತೇಕ ಬರೀ ಅಕ್ಷರ, ಹೀಗಾಗಿ ಡೇಟಾ ಖರ್ಚು ತೀರಾ ಕಡಿಮೆ. ಗುಡ್ಡದ ಮರೆಯ ಊರುಗಳಲ್ಲಿ ಸಿಗ್ನಲ್ ಬಂದು ಹೋಗುತ್ತಿರುತ್ತದೆ. ಪೇಟೆಗೆ ಬಂದಾಗ ಒಮ್ಮೆ ರೀಡರ್ ತೆರೆದು ಹೊಸದನ್ನೆಲ್ಲ ಇಳಿಸಿಕೊಂಡರೆ ಮನೆಗೆ ಹೋಗಿ ನೆಟ್ ಇಲ್ಲದೆಯೂ ಓದಬಹುದು. ಬರಹ ಪೂರ್ತಿಯಾಗಿ ಬರುವ ಫೀಡುಗಳಲ್ಲಿ ಮಾತ್ರ ಈ ಮಾತು ನಿಜ. ಎರಡು ಸಾಲು ಕೊಟ್ಟು ಉಳಿದದ್ದಕ್ಕೆ ತಾಣಕ್ಕೇ ಬನ್ನಿ ಎನ್ನುವವರೂ ಇದ್ದಾರೆ.

ಶಿಕ್ಷಕರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮನೆಯಲ್ಲಿ ಶುರುವಾದದ್ದು ತರಗತಿಯಲ್ಲಿ ಬೆಳೆಯುತ್ತದೆ. ವಿಜ್ಞಾನ ಶಿಕ್ಷಕರು ನಾಸಾದ ‘ದಿನದ ಖಗೋಳ ಚಿತ್ರ’ದ ಫೀಡ್ ಹಾಕಿಕೊಂಡರೆ ದಿನಕ್ಕೊಂದು ಚಿತ್ರ, ಅದರ ಕೆಳಗೆ ಖಗೋಳ ವಿಜ್ಞಾನಿಯೊಬ್ಬರ ವಿವರಣೆ ಸಿಗುತ್ತದೆ. ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿನಲ್ಲಿ ಅದನ್ನು ಎರಡು ನಿಮಿಷ ಕನ್ನಡದಲ್ಲಿ ಹೇಳುವ ಕೆಲಸವನ್ನು ಸರದಿಯಂತೆ ಮಕ್ಕಳಿಗೇ ಕೊಡಬಹುದು. ಚಳ್ಳಕೆರೆಯ ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ಸಿನಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ಅಲ್ಲಿ ಹೊತ್ತಿಕೊಂಡ ಕುತೂಹಲ ಊರಿಗೆ ಮರಳಿದ ಮೇಲೆ ಆರದಂತೆ ನೋಡಿಕೊಳ್ಳಲು ನಾಲ್ಕು ಒಳ್ಳೆಯ ಫೀಡುಗಳು ಸಾಕು. ಐಟಿ ಫಾರ್ ಚೇಂಜ್ ಸಂಸ್ಥೆ, ಶಿಕ್ಷಕರ ತರಬೇತಿ ನೋಡಿಕೊಳ್ಳುವ ರಾಜ್ಯದ ಡಿಎಸ್‌ಇಆರ್‌ಟಿ ಜೊತೆ ಸೇರಿ ಕಟ್ಟಿದ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ತಾಣದಲ್ಲಿ ನಮ್ಮ ಪಠ್ಯಕ್ಕೆ ಹೊಂದುವ ಸಾಮಗ್ರಿಯನ್ನು ಶಿಕ್ಷಕರೇ ಬರೆದಿದ್ದಾರೆ. ಅದು ವಿಕಿಪೀಡಿಯದ ತಂತ್ರಾಂಶದ ಮೇಲೆ ನಡೆಯುವುದರಿಂದ ಪುಟಗಳಲ್ಲಿ ಆಗುವ ಬದಲಾವಣೆಗಳನ್ನು ಫೀಡಿನಲ್ಲಿ ಹಿಂಬಾಲಿಸಬಹುದು.

ಸಮಾಜ ವಿಜ್ಞಾನದ ಮೇಷ್ಟರಿಗೆ ವಿಕಿಪೀಡಿಯದಲ್ಲೇ ಅಪರೂಪದ ಪಾಠವೊಂದಿದೆ. ಕನ್ನಡ ವಿಕಿಪೀಡಿಯದ ಪ್ರತಿ ಪುಟಕ್ಕೂ ಇತಿಹಾಸದ ಪುಟವೊಂದಿದೆ. ಯಾರು, ಯಾವಾಗ, ಯಾವ ಸಾಲು ಬದಲಿಸಿದರು ಎಂಬುದೆಲ್ಲ ಅಲ್ಲಿರುತ್ತದೆ. ಆ ಪುಟಕ್ಕೊಂದು ಫೀಡ್ ಇದೆ, ‘ಆಟಮ್’ ಎಂಬ ಹೆಸರಿನ ಕೊಂಡಿಯಲ್ಲಿ ಸಿಗುತ್ತದೆ. ಚಿತ್ರದುರ್ಗ, ವಾಣಿವಿಲಾಸ ಸಾಗರ, ಬ್ರಹ್ಮಗಿರಿ ಈ ಮೂರು ಪುಟಗಳ ಫೀಡನ್ನು ತರಗತಿಯ ರೀಡರಿಗೆ ಹಾಕಿ. ಯಾರಾದರೂ ಒಂದು ಇಸವಿ ಬದಲಿಸಿದರೆ ಮಕ್ಕಳಿಗೆ ಗೊತ್ತಾಗುತ್ತದೆ. ನಮ್ಮ ಜಿಲ್ಲೆಯ ಪ್ರಾಚೀನ ನೆಲೆಗಳಾದ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಉತ್ಖನನ ನಡೆಸಿದ್ದು 1947ರಲ್ಲಿ. ಪುಟದಲ್ಲಿ ಬೇರೆ ಇಸವಿ ಬಂದರೆ ಗ್ರಂಥಾಲಯದ ಪುಸ್ತಕ ತೆಗೆದು ನೋಡಿ ಸರಿಪಡಿಸುವ ಹಕ್ಕು ಆ ಮಕ್ಕಳಿಗೂ ಇದೆ. ವಾಣಿವಿಲಾಸ ಸಾಗರ ಇತಿಹಾಸದಲ್ಲಿ ಒಮ್ಮೆ ಮಾತ್ರ ತುಂಬಿತ್ತು ಎಂಬ ಸಾಲು 2022ರ ಆಗಸ್ಟಿನವರೆಗೆ ನಿಜ, ಸೆಪ್ಟೆಂಬರಿನಿಂದ ತಪ್ಪು. ಸತ್ಯಕ್ಕೂ ತಾರೀಖು ಬೇಕಾಗುತ್ತದೆ ಎಂಬುದನ್ನು ಹಿರಿಯೂರಿನ ಮಕ್ಕಳಿಗೆ ತಿಳಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಕ್ಕಿಲ್ಲ.

ಫೀಡ್ ರೀಡರಿಂದ ಆಗದ ಕೆಲಸಗಳೂ ಇವೆ, ಅವನ್ನು ಮುಚ್ಚಿಡಬಾರದು. ಬಹಳಷ್ಟು ಸರ್ಕಾರಿ ತಾಣಗಳಲ್ಲಿ ಫೀಡ್ ಇಲ್ಲ. ಎಸ್ಸೆಸ್ಸೆಲ್ಸಿ ವೇಳಾಪಟ್ಟಿಗೆ ಪರೀಕ್ಷಾ ಮಂಡಳಿಯ ತಾಣವನ್ನೇ ನೋಡಬೇಕು, ಮಳೆ ರಜೆಗೆ ಶಾಲೆಯ ಮುಖ್ಯೋಪಾಧ್ಯಾಯರನ್ನೇ ಕೇಳಬೇಕು. ಊರಿನ ಸಾವು, ಮದುವೆ, ಸಭೆಗಳ ಸುದ್ದಿಗೆ ವಾಟ್ಸಾಪ್ ಬೇಕೇ ಬೇಕು. ಅದನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ರೀಡರ್ ಸುಳ್ಳು ನಿಜಗಳನ್ನು ಬೇರ್ಪಡಿಸುವುದಿಲ್ಲ. ಕೆಟ್ಟ ತಾಣ ಸೇರಿಸಿದರೆ ಕೆಟ್ಟದ್ದೇ ಕ್ರಮವಾಗಿ ಬರುತ್ತದೆ. ಆದ್ದರಿಂದ ಸೇರಿಸುವ ಮೊದಲು ಮೂರು ಸಂಗತಿ ನೋಡಿ: ಬರೆದವರು ತಮ್ಮ ಹೆಸರು ಹಾಕುತ್ತಾರೆಯೇ, ಬರಹಕ್ಕೆ ದಿನಾಂಕವಿದೆಯೇ, ತಪ್ಪಾದಾಗ ತಿದ್ದುಪಡಿ ಪ್ರಕಟಿಸುತ್ತಾರೆಯೇ. ಈ ಮೂರನ್ನು ಮಗುವಿನ ಎದುರಿಗೇ, ಜೋರಾಗಿ ಮಾತಾಡಿಕೊಂಡು ನೋಡಿ. ನಾವು ಹೇಗೆ ಆರಿಸುತ್ತೇವೆ ಎಂಬುದನ್ನು ಕಂಡೇ ಮಕ್ಕಳು ಆರಿಸಲು ಕಲಿಯುವುದು.

ಹೊಸದಾಗಿ ಶುರು ಮಾಡಿದವರು ಉತ್ಸಾಹದಲ್ಲಿ ಐವತ್ತು ತಾಣ ಸೇರಿಸುತ್ತಾರೆ. ವಾರ ಕಳೆಯುವುದರೊಳಗೆ ಓದದ ಬರಹ ಮುನ್ನೂರಾಗುತ್ತದೆ. ಆಮೇಲೆ ಆ್ಯಪ್ ತೆರೆಯುವುದಕ್ಕೇ ಬೇಸರ. ಹತ್ತರೊಳಗೆ ಇರಲಿ. ದಿನಪತ್ರಿಕೆಯ ಇಡೀ ಫೀಡ್ ಹಾಕಬೇಡಿ, ದಿನಕ್ಕೆ ನೂರಾರು ಸುದ್ದಿ ಸುರಿಯುತ್ತದೆ. ಶಿಕ್ಷಣ ಅಥವಾ ವಿಜ್ಞಾನ ವಿಭಾಗದ ಪ್ರತ್ಯೇಕ ಫೀಡ್ ಇದ್ದರೆ ಅದನ್ನಷ್ಟೇ ಹಾಕಿ. ವಾರಕ್ಕೆ ಒಂದೋ ಎರಡೋ ಬಾರಿ ಚೆನ್ನಾಗಿ ಬರೆಯುವವರು ಈ ಸಾಧನಕ್ಕೆ ಹೇಳಿ ಮಾಡಿಸಿದವರು. ಬರೆಯುವವರು ತಿಂಗಳುಗಟ್ಟಲೆ ಸುಮ್ಮನಿದ್ದರೂ ತೊಂದರೆಯಿಲ್ಲ, ಬರೆದ ದಿನ ತಪ್ಪದೆ ನಿಮ್ಮ ಪಟ್ಟಿಗೆ ಬರುತ್ತದೆ. ಓದಲಾಗದೆ ಗುಡ್ಡೆಬಿದ್ದರೆ ‘ಎಲ್ಲವನ್ನೂ ಓದಿದ್ದಾಗಿದೆ’ ಎಂಬ ಗುಂಡಿ ಒತ್ತಿಬಿಡಿ, ಇದು ಪರೀಕ್ಷೆಯ ಪಾಠವಲ್ಲ. ಒಂದು ತಿಂಗಳು ತೆರೆಯದ ತಾಣವನ್ನು ಪಟ್ಟಿಯಿಂದ ತೆಗೆಯಿರಿ. ಯಾವುದನ್ನು ತೆಗೆಯಬೇಕೆಂಬ ತೀರ್ಮಾನದಲ್ಲಿ ಮಗುವಿಗೂ ಮತ ಇರಲಿ.

ಸಂಜೆ ಊಟಕ್ಕೆ ಮೊದಲು ಹದಿನೈದು ನಿಮಿಷ ಒಳ್ಳೆಯ ಹೊತ್ತು. ಫೋನು ಒಂದೇ ಇರಲಿ, ಮಧ್ಯದಲ್ಲಿರಲಿ, ಒಬ್ಬರು ಓದಿ ಹೇಳಲಿ. ಅಕ್ಷರ ಕಲಿಯದ ಅಜ್ಜಿಯೂ ಕೇಳಿಸಿಕೊಳ್ಳುತ್ತಾರೆ, ಅಣೆಕಟ್ಟಿನ ಬಗ್ಗೆ ಜಾಲತಾಣದಲ್ಲಿ ಇಲ್ಲದ್ದನ್ನು ಅವರೇ ಸೇರಿಸುತ್ತಾರೆ. ಹತ್ತನೇ ತರಗತಿಯ ಮಗುವಿಗೆ ಪರೀಕ್ಷೆ ಹತ್ತಿರವಿದ್ದರೆ ರೀಡರನ್ನು ಎರಡು ತಿಂಗಳು ಮುಚ್ಚಿಡಿ. ಸೂಚನೆ ಬಂದಾಗ ಫೋನು ಸದ್ದು ಮಾಡುವ ವ್ಯವಸ್ಥೆಯನ್ನು ಮೊದಲ ದಿನವೇ ನಿಲ್ಲಿಸಿ. ಯಾವ ಬರಹವೂ ಊಟದ ನಡುವೆ ಕರೆಯುವಷ್ಟು ತುರ್ತಿನದ್ದಲ್ಲ.

ಕೊನೆಗೊಂದು ತಾಂತ್ರಿಕ ಮಾತು. ಪ್ರತಿ ಒಳ್ಳೆಯ ರೀಡರಿನಲ್ಲೂ ನಿಮ್ಮ ಪಟ್ಟಿಯನ್ನು ‘ಒಪಿಎಂಎಲ್’ ಎಂಬ ಕಡತವಾಗಿ ಹೊರತೆಗೆಯುವ ಅವಕಾಶವಿರುತ್ತದೆ. ಗೂಗಲ್ ರೀಡರ್ ಮುಚ್ಚಿದಾಗ ಆ ಕಡತ ಇಟ್ಟುಕೊಂಡವರು ಮರುದಿನವೇ ಬೇರೆಡೆ ಅದೇ ಪಟ್ಟಿ ತೆರೆದರು. ವರ್ಷಕ್ಕೊಮ್ಮೆ ಅದನ್ನು ಹೊರತೆಗೆದು ಇಮೇಲಿನಲ್ಲೋ ಪೆನ್‌ಡ್ರೈವಿನಲ್ಲೋ ಇಡಿ. ಒಳ್ಳೆಯ ಪಟ್ಟಿ ಮಾಡಿದ ಶಿಕ್ಷಕರು ಅದನ್ನು ಪಕ್ಕದ ಶಾಲೆಯವರಿಗೆ ಕೊಡಲಿ. ಒಂದೇ ಕಡತ, ಒಂದೇ ಒತ್ತು, ಇಡೀ ಪಟ್ಟಿ ಅವರದ್ದೂ ಆಗುತ್ತದೆ.

ಈ ಭಾನುವಾರ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಐದು ತಾಣಗಳನ್ನು ಸೇರಿಸಿ. ಅವುಗಳಲ್ಲಿ ಎರಡು ಕನ್ನಡದ್ದಾಗಿರಲಿ, ಎರಡನ್ನು ಮಗುವೇ ಆರಿಸಲಿ.